ಒಂದು ಚುಕ್ಕಿಗೆ ಒಂಬತ್ತು ಗುಂಟೆ

ಹದಿನಾರು ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ
ಅದು ದುದ್ದದ ಮೇಲೆ ಹಾದುಹೋಗುತ್ತದೆ.
ಸದ್ದಿಲ್ಲ, ನೆರಳಿಲ್ಲ.
ಏಳುನೂರು ಕಿಲೋಮೀಟರಿನಾಚೆಯಿಂದ
ಹೊಲ ನೋಡುತ್ತದೆ, ಹೊಲದವರನ್ನು ನೋಡುವುದಿಲ್ಲ.
ಅದರ ಕಣ್ಣಿಗೆ ಒಂದು ಚುಕ್ಕಿ ಎಂದರೆ
ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಗುಂಟೆ.

ನನ್ನ ಕೆಲಸ ಚುಕ್ಕಿಗೆ ಹೆಸರಿಡುವುದು.
ಹಾಸನದ ಬಾಡಿಗೆ ಕೋಣೆಯಲ್ಲಿ, ಕಿರುಗುಡುವ ಫ್ಯಾನಿನ ಕೆಳಗೆ,
ತೊಂಬತ್ತೊಂದರಿಂದ ಈಚಿನ ಚಿತ್ರಗಳನ್ನು
ಇಸ್ಪೀಟೆಲೆಯಂತೆ ಒಂದರ ಮೇಲೊಂದು ಹರವಿ
ಇದು ರಾಗಿ, ಇದು ಮುಸುಕಿನ ಜೋಳ, ಇದು ಶುಂಠಿ ಎನ್ನುತ್ತೇನೆ.
ಹಸಿರೆಲ್ಲ ನನ್ನ ಪರದೆಯಲ್ಲಿ ಕೆಂಪು,
ಸೊಂಪಾಗಿರುವುದು ಕಡುಗೆಂಪು.
ಮೊದಮೊದಲು ಗಾಯದ ಹಾಗೆ ಕಾಣುತ್ತಿತ್ತು.
ಈಗ ರೂಢಿಯಾಗಿ, ಬಸ್ಸಿನ ಕಿಟಕಿಯಾಚೆ ಹಸಿರು ಕಂಡರೇ
ಏನೋ ತಪ್ಪಾಗಿದೆ ಅನ್ನಿಸುತ್ತದೆ.

ಸಿಗದೇ ಹೋದದ್ದು ಆಲೂಗೆಡ್ಡೆ.
ಮೇ ಕೊನೆಗೆ ನೆಟ್ಟು ಆಗಸ್ಟಿಗೆ ಕೀಳುವ ಬೆಳೆ,
ಆಯುಷ್ಯವೆಲ್ಲ ಮೋಡದ ಕೆಳಗೆ.
ಜೂನ್ ತೆಗೆದೆ: ಬಿಳಿ. ಜುಲೈ ತೆಗೆದೆ: ಬಿಳಿ.
ತೊಂಬತ್ತೆಂಟರ ಜುಲೈಯಲ್ಲಿ ಒಂದೇ ಒಂದು ತೂತು,
ಅದರೊಳಗೆ ಯಾರದೋ ಎರಡೆಕರೆ.
ಒಂದು ಸೀಮೆ ಅಷ್ಟು ವರ್ಷ ನೆಟ್ಟು, ಅಗೆದು, ಲಾರಿಗೆ ಹೇರಿದ್ದು
ಆಕಾಶದ ದಫ್ತರದಲ್ಲಿ ನಮೂದಾಗಿಲ್ಲ.

ಕೊನೆಗೆ ನೆಲವನ್ನೇ ಕೇಳೋಣವೆಂದು ಹೊರಟೆ.
ನಿಂಗಾಜಮ್ಮ ಸಿಕ್ಕಿದ್ದು ಜೋಳದ ಹೊಲದ ಬದುವಿನಲ್ಲಿ,
ಹದಿನಾಲ್ಕು ಹೆಣ್ಣಾಳುಗಳ ಮೇಸ್ತ್ರಿ.
ನಕ್ಷೆಯನ್ನು ಮೊರದಂತೆ ಹಿಡಿದು ಅತ್ತಿತ್ತ ತಿರುಗಿಸಿದಳು.
"ನಮ್ ಕಟ್ಟೆ ಎಲ್ಲೈತೆ ಇದ್ರಲ್ಲಿ?"
ತೋರಿಸಿದೆ, ಆರು ಕಪ್ಪು ಚುಕ್ಕಿ.
"ನಾವು?"
ಮನುಷ್ಯರು ಕಾಣುವುದಿಲ್ಲ ಅಂದೆ.
"ಎಷ್ಟೊತ್ಗೆ ಬತ್ತದೆ ಅದು?"
ಹತ್ತೂವರೆಗೆ.
ಸೆರಗು ಬಾಯಿಗಿಟ್ಟು ನಕ್ಕಳು, ಆಳುಗಳೂ ನಕ್ಕರು.
"ಬುತ್ತಿ ಬಿಚ್ಚೋ ಹೊತ್ತು ಕಣವ್ವ! ಅಂಗಾರೆ ಇಷ್ಟ್ ವರ್ಸ
ನಾವು ಕೂತಿರದನ್ನೇ ನೋಡದೆ ಅದು.
ಗೌಡ್ರ ಕಿವಿಗೆ ಹಾಕ್ಬುಟ್ಟೀಯ ಮತ್ತೆ."

ಸಂಜೆ ಅವಳ ಮನೆಯಲ್ಲಿ ನನಗೆ ಆಲೂಗೆಡ್ಡೆ ಸಿಕ್ಕಿತು.
ಜಲಂಧರಿನಿಂದ ಬಿತ್ತನೆ ಹೊತ್ತು ಬಂದ ಗೋಣಿಚೀಲಗಳು:
ಬಾಗಿಲಿಗೊಂದು, ಬಚ್ಚಲಿಗೆ ಪರದೆಯಾಗಿ ಎರಡು,
ಕೋಳಿಗೂಡಿನ ಮೇಲೊಂದು, ಚಾಪೆಯ ಅಡಿಗೆ ನಾಲ್ಕು.
ಮಾಸಿದ ನೇರಳೆ ಶಾಯಿಯಲ್ಲಿ ಕಂಪನಿಯ ಮುದ್ರೆ, ಇಸವಿ.
ಟಾರ್ಚು ಹಿಡಿದು ಮಂಡಿಯೂರಿ ಬರೆದುಕೊಂಡೆ.
ಒಂದೊಂದಕ್ಕೂ ಅವಳ ಬಳಿ ಒಂದು ಮಳೆ, ಒಂದು ಕೂಲಿ ದರ.
"ಈ ಚೀಲದ್ ವರ್ಸ ಅಂಗಮಾರಿ ಬಂತು ನೋಡು,
ಮೂರೇ ದಿನ. ಹೊಲಕ್ಕೆ ಹೊಲವೇ ಬೆಂದೋದಂಗಾಯ್ತು.
ಗೆಡ್ಡೆ ಕೀಳಾಕೆ ಹೋದ್ರೆ ಕೈಯೆಲ್ಲ ನಾತ."
ಅದರಾಚೆ ಇಸವಿಗಳು ವಿರಳ, ಆಮೇಲೆ ಇಲ್ಲ.
ಜೋಳದ ಬೀಜ ಪಾಕೀಟಿನಲ್ಲಿ ಬರುತ್ತದೆ.
ಪಾಕೀಟು ಯಾವ ಬಾಗಿಲಿಗೂ ಸಾಲುವುದಿಲ್ಲ.

ಊರ ಹಿಂದಿನ ಒಂದು ಚುಕ್ಕಿ ಮಾತ್ರ ನನ್ನನ್ನು ಸತಾಯಿಸಿತ್ತು.
ಒಂದು ವರ್ಷ ರಾಗಿ ಎನ್ನುತ್ತದೆ, ಮರುವರ್ಷ ಕಾಳು,
ಒಮ್ಮೆ ಎರಡೂ ಅಲ್ಲ. ತಪ್ಪು ಎಂದು ಬೂದಿ ಬಣ್ಣ ಬಳಿದಿದ್ದೆ.
"ತಪ್ಪೇನ್ ಬಂತು, ಅದು ನಂದೇ ಹೊಲ!
ಆರು ಸಾಲು ರಾಗಿಗೆ ಒಂದ್ ಸಾಲು ಅವರೆ,
ಅಂಚಿಗೆ ಹುಚ್ಚೆಳ್ಳು. ಅಕ್ಕಡಿ ಕಣವ್ವ.
ಒಂದ್ ಕೈ ಕೊಟ್ರೆ ಇನ್ನೊಂದ್ ಹಿಡ್ಕತದೆ."

ವರದಿ ಬರೆಯುತ್ತಿದ್ದೇನೆ.
ಆಧಾರ ಎಂಬ ಕಾಲಮಿನಲ್ಲಿ, ೧೯೯೪ರ ಎದುರಿಗೆ:
ನಿಂಗಾಜಮ್ಮನ ಬಚ್ಚಲ ಪರದೆ.
ಮೇಲಿನವರು ಏನನ್ನುತ್ತಾರೋ.
ಬೆಳೆಗಳ ಪಟ್ಟಿಗೆ ಹದಿನಾಲ್ಕನೆಯದಾಗಿ ಅಕ್ಕಡಿ ಸೇರಿಸಿದೆ.
ಯಂತ್ರ ಒಪ್ಪಿತು, ಬಣ್ಣ ಯಾವುದೆಂದು ಕೇಳಿತು.
ಅರ್ಧ ಗಂಟೆಯಾಯಿತು,
ಹುಚ್ಚೆಳ್ಳು ಹೂವಿನ ಹಳದಿಗೂ ಅವರೆ ಹೂವಿನ ಬಿಳಿಗೂ ನಡುವೆ
ಬೆರಳು ಅಲ್ಲೇ ನಿಂತಿದೆ.